ಹತ್ತರಿಂದ ನಾಲ್ಕರವರೆಗೆ ಬೀಗ ಬಿದ್ದ ನೆರಳು

ಗೇಟಕ್ಕನನ್ನು ಕೆಲಸದಿಂದ ತೆಗೆದರು ಎಂಬ ಸುದ್ದಿ ಬಂದಾಗ ನಮ್ಮ ರಸ್ತೆಯ ಅರ್ಧ ಜನ ಅವಳು ಏನೋ ಕದ್ದಿರಬೇಕು ಎಂದುಕೊಂಡರು. ಇನ್ನರ್ಧ ಜನ ‘ಅಯ್ಯೋ ಪಾಪ’ ಎಂದು ತಮ್ಮ ಪಾಡಿಗೆ ತಾವು ಹೋದರು. ಎರಡನ್ನೂ ಕೇಳಿ ನನಗೆ ಮೈ ಉರಿಯಿತು. ಆ ಹೆಂಗಸು ಪಾರ್ಕಿನಿಂದ ಒಂದು ಒಣಗಿದ ಎಲೆಯನ್ನೂ ಮನೆಗೆ ಒಯ್ದವಳಲ್ಲ. ಅವಳು ಮಾಡಿದ್ದಿಷ್ಟೇ: ಗೇಟು ಹಾಕು ಎಂದರು, ಹಾಕಿದಳು. ಅದನ್ನು ಕಣ್ಣಾರೆ ಕಂಡವನು ನಾನು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನನ್ನದು ಪಾರ್ಕಿನ ಎದುರಿನ ಸೆಲೂನು. ಎರಡು ಕುರ್ಚಿ, ಉದ್ದನೆಯ ಒಂದು ಬೆಂಚು, ಗೊಣಗಿಕೊಂಡೇ ತಿರುಗುವ ಹಳೆಯ ಫ್ಯಾನು, ಗೋಡೆಯಗಲದ ಕನ್ನಡಿ. ಗಿರಾಕಿಯ ಕತ್ತಿನ ಮೇಲೆ ಕೈಯಿದ್ದರೂ ಕಣ್ಣೆತ್ತಿದರೆ ಕನ್ನಡಿಯಲ್ಲಿ ರಸ್ತೆ, ಬೇಲಿ, ಗೇಟು ಎಲ್ಲ ಕಾಣುತ್ತವೆ. ಊರಿನ ತಲೆ ಬೋಳಿಸುವವರು ದೊಡ್ಡ ದೊಡ್ಡ ಕಚೇರಿಗಳಲ್ಲಿ ಕೂತಿರುತ್ತಾರೆ, ಕೆಟ್ಟ ಹೆಸರು ಮಾತ್ರ ನಮ್ಮ ಕಸುಬಿಗೆ. ಇರಲಿ.

ಗೇಟಕ್ಕ ಎಂದರೆ ಪಾರ್ಕಿನ ಬೀಗದ ಕೈ ಇಟ್ಟುಕೊಂಡವಳು. ಅವಳ ಗಂಡ ಅದೇ ಪಾರ್ಕಿನಲ್ಲಿ ಮಾಲಿಯಾಗಿದ್ದ. ಅವನು ತೀರಿಕೊಂಡ ಮೇಲೆ ಗೇಟು ಕಾಯುವ ಕೆಲಸವನ್ನು ಇವಳಿಗೆ ಕೊಟ್ಟರು. ಬೀಗದ ಕೈಗೆ ಶೂ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಮತ್ತೆ ಅದನ್ನು ತೆಗೆದದ್ದನ್ನು ಯಾರೂ ನೋಡಲಿಲ್ಲ. ‘ಸ್ನಾನಕ್ಕೆ ಹೋದ್ರೂ ಅದನ್ನ ಬಿಚ್ಚಲ್ಲ ಮಹಾರಾಣಿ’ ಎಂದು ಅವಳ ಅಕ್ಕ ಆಡಿಕೊಳ್ಳುತ್ತಿದ್ದಳು. ಗಂಟಲಂತೂ ಎಂಥದ್ದೆಂದರೆ, ಪಾರ್ಕಿನ ಆಚೆ ತುದಿಯಲ್ಲಿ ಯಾರಾದರೂ ಹೂವಿಗೆ ಕೈ ಹಾಕಿದರೆ ಇವಳು ಈಚೆ ತುದಿಯಿಂದ ಹಾಕುವ ಕೂಗಿಗೆ ನನ್ನ ಕತ್ತರಿ ನಿಂತುಬಿಡುತ್ತಿತ್ತು. ನಿಯಮವೆಂದರೆ ನಿಯಮ, ಅವಳ ಹತ್ತಿರ ಯಾರ ಆಟವೂ ನಡೆಯುತ್ತಿರಲಿಲ್ಲ. ಒಮ್ಮೆ ದೊಡ್ಡ ಮನುಷ್ಯರೊಬ್ಬರು ನಾಯಿಯನ್ನು ಕರೆದುಕೊಂಡು ವಾಕಿಂಗಿಗೆ ಬಂದಾಗ, “ನೀವು ಬನ್ನಿ ಸಾರ್, ಅವರು ಹೊರಗೇ ಇರ್ಲಿ” ಎಂದು ನಾಯಿಗೂ ಮರ್ಯಾದೆ ಕೊಟ್ಟು ತಡೆದಿದ್ದಳು.

ಆ ಮಹಾರಾಣಿಯನ್ನು ಸಾಕಿದವಳು ಅಕ್ಕ. ತಾಯಿ ಹೋದಾಗ ಗೇಟಕ್ಕ ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದ ಕೂಸಂತೆ. ಅಕ್ಕ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ರಸ್ತೆ ಗುಡಿಸುವ ಕೆಲಸಕ್ಕೆ ಹೋದಳು, ಒಂದು ಕೈಯಲ್ಲಿ ತಂಗಿ, ಇನ್ನೊಂದರಲ್ಲಿ ಪೊರಕೆ. ತಂಗಿಯನ್ನು ಶಾಲೆಗೆ ಕಳಿಸಿದಳು, ಮದುವೆ ಮಾಡಿದಳು, ವಿಧವೆಯಾದಾಗ ಮತ್ತೆ ತನ್ನ ಕೋಣೆಗೇ ಕರೆದುಕೊಂಡಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ ‘ಮೊದಲು ಈ ರಸ್ತೆ ಗುಡಿಸಿ ಮುಗಿಸ್ತೀನಿ’ ಎನ್ನುತ್ತಿದ್ದಳು. ರಸ್ತೆ ಇನ್ನೂ ಮುಗಿದಿಲ್ಲ. ನಾವೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತೇವೆ. ಬೆಳಕು ಹರಿಯುವ ಮುಂಚೆ ಪೊರಕೆ ಹಿಡಿದರೆ ಮಧ್ಯಾಹ್ನದ ತನಕ ಒಂದು ಸುತ್ತು, ಆಮೇಲೆ ಬಿಡುವು, ಬಿಸಿಲಿಳಿದ ಮೇಲೆ ಇನ್ನೊಂದು ಸುತ್ತು. ವರ್ಷಗಟ್ಟಲೆ ಕುಡಿದ ಧೂಳು ಎದೆಯಲ್ಲಿ ಕೂತಿದೆ. ಬಿಸಿಲು ನೆತ್ತಿಗೇರಿದರೆ ಅವಳಿಗೆ ಉಸಿರು ಕಟ್ಟುತ್ತದೆ. ಆ ಬಿಡುವಿನ ಹೊತ್ತು ನೆರಳಲ್ಲಿ ಮಲಗಲೇಬೇಕು ಎಂದು ಆಸ್ಪತ್ರೆಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ಅವರಿಬ್ಬರ ಕೋಣೆ ಗ್ಯಾರೇಜಿನ ಹಿಂದೆ, ತಗಡಿನ ಸೂರು. ಮಧ್ಯಾಹ್ನ ಅಲ್ಲಿಗೆ ಹೋದರೆ ಬೇಯಬೇಕು.

ಆದರೆ ದೊಡ್ಡಕ್ಕನಿಗೆ ನೆರಳಿನ ಚಿಂತೆ ಇರಲಿಲ್ಲ. ಪಾರ್ಕಿನ ಹಳೆಯ ಗೋಡೆಗೂ ರಸ್ತೆಗೂ ನಡುವೆ, ಅಗಲವಾದ ಫುಟ್‌ಪಾತಿನ ಮೇಲೆ ದೊಡ್ಡ ದೊಡ್ಡ ಮಳೆಮರಗಳಿದ್ದವು. ಅವುಗಳ ಕೆಳಗೇ ಬಸ್ ಸ್ಟಾಪು. ಮಧ್ಯಾಹ್ನವಾದರೆ ಸಾಕು, ಸಾಮಾನು ಸಾಗಿಸುವವರು, ಮನೆಗೆಲಸದ ಹೆಂಗಸರು, ಕಟ್ಟಡ ಕೆಲಸದವರು, ಪಾರ್ಸೆಲ್ ಹಂಚುವ ಹುಡುಗರು, ಎಲ್ಲರೂ ಊಟದ ಡಬ್ಬಿ ಬಿಚ್ಚುವುದು ಅಲ್ಲೇ. ದೊಡ್ಡಕ್ಕ ಊಟ ಮುಗಿಸಿ, ಗುಡಿಸುವವರಿಗೆ ಕೊಡುವ ಕೋಟನ್ನು ಮಡಿಸಿ ತಲೆಗಿಟ್ಟು ಮಲಗುತ್ತಿದ್ದಳು. ಯಾರದೂ ಯಾರಿಗೂ ಅಡ್ಡಿಯಿರಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಹಸಿರು ಕಡಿಮೆಯಾಯಿತು ಎಂದು ಪೇಪರಿನವರು ಬರೆದರು. ಪಾರ್ಕುಗಳನ್ನು ವಿಸ್ತರಿಸಬೇಕು ಎಂದು ಮೇಲಿನಿಂದ ಅಪ್ಪಣೆಯಾಯಿತು. ನಾವೆಲ್ಲ ಖುಷಿಪಟ್ಟೆವು, ಸುಳ್ಳೇಕೆ ಹೇಳಲಿ. ಪಾರ್ಕಿನ ಇಂಜಿನಿಯರ್ ಸಾಹೇಬರು ತಿಂಗಳಿಗೊಮ್ಮೆ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ನನ್ನ ಅಂಗಡಿಗೇ ಬರುವುದು. ಆ ಸಲ ಬಂದಾಗ ಕೇಳಿದೆ.

“ಹೊಸದಾಗಿ ಗಿಡ ನೆಡ್ತೀರಂತಲ್ಲ ಸಾರ್?”

“ಗಿಡ ಯಾಕ್ರೀ? ಹೊರಗಡೆ ಅಷ್ಟು ಒಳ್ಳೆ ಮರಗಳಿವೆಯಲ್ಲ. ಬೇಲಿನ ಸ್ವಲ್ಪ ಆಚೆ ಹಾಕಿದ್ರಾಯ್ತು, ಪಾರ್ಕ್ ದೊಡ್ಡದಾಯ್ತು.”

“ಮರ ಮೊದ್ಲಿಂದ್ಲೂ ಅಲ್ಲೇ ಇದೆಯಲ್ಲ ಸಾರ್. ಊರಿಗೆ ಹಸಿರು ಎಲ್ಲಿ ಜಾಸ್ತಿ ಆಯ್ತು?”

“ನಿಮಗೆ ಅರ್ಥ ಆಗಲ್ಲ. ಬೇಲಿ ಹೊರಗಿದ್ರೆ ಅದು ರಸ್ತೆ. ಬೇಲಿ ಒಳಗೆ ಬಂದ್ರೆ ಅದು ಹಸಿರು ಪ್ರದೇಶ. ಬೇಲಿ ಇಲ್ಲದ್ದನ್ನ ನಾವು ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ.”

“ಹಾಗಾದ್ರೆ ಇಷ್ಟು ವರ್ಷ ಆ ಎಲೆ ಯಾವ ಬಣ್ಣ ಇತ್ತು ಸಾರ್?”

“ಕಿವಿ ಹತ್ರ ಬಣ್ಣ ಇಳೀತಾ ಇದೆ, ಅದನ್ನ ನೋಡಿ” ಎಂದರು ಸಾಹೇಬರು. ಒರೆಸಿದೆ. ಹೊಟ್ಟೆಪಾಡು.

ಹಾಗೆ ಒಂದೂ ಗಿಡ ನೆಡದೆ ನಮ್ಮ ಪಾರ್ಕು ಬೆಳೆಯಿತು. ಹಳೆಯ ಗೋಡೆ ಒಡೆದರು. ಮರಗಳಿಂದ ಆಚೆ, ರಸ್ತೆಯ ಅಂಚಿಗೆ, ಆಳೆತ್ತರದ ಕಬ್ಬಿಣದ ಬೇಲಿ ನಿಲ್ಲಿಸಿದರು. ಮೇಲೆ ಈಟಿಯಂಥ ಮೊನೆಗಳು. ರಸ್ತೆಯ ಕಡೆ ಚಾಚಿದ್ದ ಕೊಂಬೆಗಳು ಬೇಲಿಗೆ ಅಡ್ಡ ಬಂದವು. ಹಸಿರು ಹೆಚ್ಚಿಸಲು ಬಂದವರು ಮೊದಲ ದಿನ ಮಾಡಿದ ಕೆಲಸವೆಂದರೆ ಆ ಕೊಂಬೆಗಳನ್ನೆಲ್ಲ ಗರಗಸದಿಂದ ಕೊಯ್ದು ಲಾರಿಗೆ ತುಂಬಿದ್ದು. ಫುಟ್‌ಪಾತು ಒಳಗೆ ಸೇರಿತು. ನಡೆಯುವವರು ವಾಹನಗಳ ನಡುವೆ ಜೀವ ಕೈಯಲ್ಲಿ ಹಿಡಿದು ನಡೆಯಬೇಕಾಯಿತು.

ಇನ್ನೊಂದು ಘನಕಾರ್ಯ ಕೇಳಿ. ಬೇಲಿಯ ಗೆರೆಯನ್ನು ಕಚೇರಿಯಲ್ಲಿ ಕೂತು ನಕ್ಷೆಯ ಮೇಲೆ ಎಳೆದವರು ಜಾಗಕ್ಕೆ ಬಂದು ನೋಡಿರಲಿಲ್ಲ. ಕಂಟ್ರಾಕ್ಟರು ಗೆರೆ ಇದ್ದಲ್ಲಿ ಕಂಬ ನೆಟ್ಟ. ಬಸ್ ಸ್ಟಾಪು, ಅದರ ಸೂರು, ಬೆಂಚು, ನಂಬರಿನ ಬೋರ್ಡು ಸಮೇತ ಪಾರ್ಕಿನೊಳಗೆ ಸೇರಿಹೋಯಿತು. ಬಸ್ಸು ರಸ್ತೆಯಲ್ಲಿ, ಜನ ಪಂಜರದಲ್ಲಿ. ಬಸ್ಸು ಕಂಡ ಕೂಡಲೇ ಎದ್ದು ಗೇಟಿನ ತನಕ ಓಡಿ, ಹೊರಗೆ ಬಂದು, ಮತ್ತೆ ಬೇಲಿಗುಂಟ ವಾಪಸ್ ಓಡಿ ಹತ್ತಬೇಕು. ನೋಡಿ ನಗು ಬಂತು. ಮರುಕ್ಷಣ ಸಿಟ್ಟೂ ಬಂತು.

ನಗು ಪೂರ್ತಿ ನಿಂತದ್ದು ಬೋರ್ಡು ಬಂದ ದಿನ. ಪಾರ್ಕು ಬೆಳಿಗ್ಗೆ ತೆರೆದು ಹತ್ತಕ್ಕೆ ಮುಚ್ಚತಕ್ಕದ್ದು, ಮತ್ತೆ ನಾಲ್ಕಕ್ಕೆ ತೆರೆಯತಕ್ಕದ್ದು. ಹತ್ತರಿಂದ ನಾಲ್ಕು! ಮನುಷ್ಯನಿಗೆ ನೆರಳು ಬೇಕಾದ ಹೊತ್ತನ್ನೇ ಹುಡುಕಿ ಹುಡುಕಿ ಬೀಗ ಹಾಕಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಸಾಹೇಬರು, “ಮಧ್ಯಾಹ್ನ ಸೋಮಾರಿಗಳು ಬಂದು ಬಿದ್ಕೊಳ್ತಾರೆ, ಹುಲ್ಲು ಹಾಳಾಗತ್ತೆ” ಎಂದರು. ಬೆಳಕು ಹರಿಯುವ ಮುಂಚೆ ಎದ್ದು ಊರು ಗುಡಿಸಿದವಳು ಸೋಮಾರಿ. ಎಂಟಕ್ಕೆ ಎದ್ದು ಬಿಳಿ ಶೂ ಹಾಕಿ ಎರಡು ಸುತ್ತು ನಡೆದವನು ಶ್ರಮಜೀವಿ.

ಬಸ್ಸಿನ ಡ್ರೈವರುಗಳು ಗಲಾಟೆ ಮಾಡಿದ ಮೇಲೆ ಸಾಹೇಬರು ಬಾಯಿಮಾತಿನಲ್ಲಿ ಒಂದು ರಿಯಾಯಿತಿ ಕೊಟ್ಟರು: ಬೀಗದ ಹೊತ್ತಿನಲ್ಲೂ ಬಸ್ಸಿಗೆ ಕಾಯುವವರನ್ನು ಮಾತ್ರ ಒಳಗೆ ಬಿಡಬಹುದು, ಬೇರೆ ಒಂದು ನರಪಿಳ್ಳೆಯೂ ಒಳಗೆ ಬರಕೂಡದು. ಗೇಟಕ್ಕ ಅದನ್ನು ಅಕ್ಷರಶಃ ನಡೆಸಿದಳು. ಅಂದರೆ ತನ್ನ ಒಡಹುಟ್ಟಿದ ಅಕ್ಕನನ್ನೇ ಹೊರಗೆ ನಿಲ್ಲಿಸಿದಳು. ದೊಡ್ಡಕ್ಕನೂ ಕೇಳಲಿಲ್ಲ. ಕೇಳಿದರೆ ತಂಗಿಯ ಕೆಲಸಕ್ಕೆ ಕುತ್ತು ಎಂದು ಅವಳ ಲೆಕ್ಕ. ಕೊಂಬೆ ಕಡಿದ ಬೋಳು ಬಿಸಿಲಲ್ಲಿ, ಬೇಲಿಗೆ ಬೆನ್ನು ಕೊಟ್ಟು, ತಲೆಗೆ ಕೋಟು ಹೊದ್ದು ಕೂರುತ್ತಿದ್ದಳು. ನನ್ನ ಅಂಗಡಿಗೆ ಬಾ ಎಂದರೆ, “ಮೈಯೆಲ್ಲ ಧೂಳು, ನಿನ್ನ ಗಿರಾಕಿಗಳು ಓಡಿಹೋಗ್ತಾರೆ ಅಣ್ಣ” ಎನ್ನುತ್ತಿದ್ದಳು. ಬೇಲಿಯ ಆಚೆ ತಂಗಿ, ಈಚೆ ಅಕ್ಕ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡುವುದನ್ನು ಕನ್ನಡಿಯಲ್ಲಿ ನೋಡಿ ನೋಡಿ ನನಗೆ ತಲೆ ಕೆಟ್ಟುಹೋಗಿತ್ತು.

ಒಂದು ಮಧ್ಯಾಹ್ನ ದೊಡ್ಡಕ್ಕ ಕೂತಲ್ಲೇ ವಾಲಿದಳು. ಡಬ್ಬಿ ಉರುಳಿ ಅನ್ನವೆಲ್ಲ ರಸ್ತೆಗೆ ಚೆಲ್ಲಿತು. ನಾನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿದೆ. ಅಷ್ಟರಲ್ಲಿ ಗೇಟಕ್ಕ ಬೀಗ ತೆಗೆದು ಹೊರಗೆ ಬಂದಿದ್ದಳು. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಚಿಮುಕಿಸಿದಳು. ದೊಡ್ಡಕ್ಕ ಕಣ್ಣು ಬಿಟ್ಟ ಮೇಲೆ ಗೇಟಕ್ಕ ಕೇಳಿದ ಮೊದಲ ಮಾತು ಇದು:

“ಅಕ್ಕ, ನಿಂಗೆ ಯಾವ ಬಸ್ಸು ಬೇಕು?”

“ಏನೇ? ಬಸ್ಸು ಯಾಕೆ? ಸಂಜೆ ಗುಡಿಸೋದಿದೆ.”

“ಕೇಳಿದ್ದಕ್ಕೆ ಹೇಳು. ಯಾವ ಬಸ್ಸಿಗೆ ಕಾಯ್ತಾ ಇದೀಯಾ?”

ದೊಡ್ಡಕ್ಕ ಬೇಲಿಯೊಳಗಿನ ಬಸ್ ಸ್ಟಾಪಿನ ಕಡೆ ನೋಡಿದಳು. ಆಮೇಲೆ ಆ ಬಿಳಿಚಿದ ಮುಖದಲ್ಲೂ ನಗು ಬಂತು. “ನಾಲ್ಕು ಗಂಟೆ ಬಸ್ಸಿಗೆ ಕಣೇ” ಎಂದಳು.

“ಹಾಗಾದ್ರೆ ಒಳಗೆ ಬಂದು ಕಾಯಿ. ಬಸ್ಸಿಗೆ ಕಾಯೋರನ್ನ ತಡೆಯೋಕೆ ನಂಗೆ ಅಧಿಕಾರ ಇಲ್ಲ” ಎಂದು ಗೇಟಕ್ಕ ಅಕ್ಕನನ್ನು ಎಬ್ಬಿಸಿ, ಮಳೆಮರದ ಬುಡಕ್ಕೆ ಕರೆದೊಯ್ದು ಮಲಗಿಸಿದಳು. ಹುಟ್ಟಿದಾಗಿನಿಂದ ಒಂದೂ ನಿಯಮ ಮುರಿಯದ ಹೆಂಗಸು, ಅಂದೂ ಮುರಿಯಲಿಲ್ಲ.

ಮರುದಿನದಿಂದ ನಮ್ಮ ರಸ್ತೆಯಲ್ಲಿ ಬಸ್ ಪ್ರಯಾಣಿಕರ ಸಂಖ್ಯೆ ಏರಿದ್ದೇ ಏರಿದ್ದು. ಹಮಾಲಿಗಳು ಕೈಗಾಡಿಯನ್ನು ಬೇಲಿಗೆ ಕಟ್ಟಿ ಬಸ್ಸಿಗೆ ಕಾಯತೊಡಗಿದರು. ಪಾರ್ಸೆಲ್ ಹುಡುಗರು ಬೈಕು ನಿಲ್ಲಿಸಿ ಬಸ್ಸಿಗೆ ಕಾಯತೊಡಗಿದರು. ಗೇಟಕ್ಕ ಒಬ್ಬೊಬ್ಬರನ್ನೂ ಗೇಟಿನಲ್ಲಿ ನಿಲ್ಲಿಸಿ ‘ಯಾವ ಬಸ್ಸು?’ ಎಂದು ಗದರಿಸಿ ಕೇಳಿಯೇ ಬಿಡುವುದು. ಉತ್ತರ ಹೇಳದವರಿಗೆ ಪ್ರವೇಶವಿಲ್ಲ.

ಚಾಡಿ ಹೇಳುವವರಿಗೆ ಬರವೇ? ಸಾಹೇಬರು ಬಂದರು. ಮರದ ಕೆಳಗೆ ಮಲಗಿದ್ದವನೊಬ್ಬನನ್ನು ಶೂ ತುದಿಯಿಂದ ತಟ್ಟಿ ಎಬ್ಬಿಸಿದರು. ಅವನು ಕಣ್ಣು ಬಿಡದೆಯೇ, “ಬಸ್ ಬಂತಾ?” ಎಂದ. ಪಕ್ಕದವನು, “ಇಲ್ಲ ಮಲ್ಕೋ, ಇನ್ನೂ ಹೊತ್ತಿದೆ” ಎಂದ. ಸಾಹೇಬರ ಮುಖ ಕೆಂಪಗಾಯಿತು. ಗೇಟಕ್ಕನ ಕಡೆ ತಿರುಗಿ ಕೂಗಾಡಿದರು. ಅವಳು ಕೈಕಟ್ಟಿ ನಿಂತು, “ನೀವೇ ಹೇಳಿದ್ರಲ್ಲ ಸಾರ್” ಎಂದಳು.

ಮಾತಿನಲ್ಲಿ ಸೋತರೇನು, ಅಧಿಕಾರ ಇತ್ತಲ್ಲ. ಆ ಬಸ್ ಸ್ಟಾಪಿನ ಸೂರು ಸೋರುತ್ತಿದೆ ಎಂದು ನಾವು ಎಷ್ಟೋ ವರ್ಷ ಅರ್ಜಿ ಕೊಟ್ಟು ಸೋತಿದ್ದೆವು. ಯಾರೂ ತಿರುಗಿ ನೋಡಿರಲಿಲ್ಲ. ಈಗ ಒಂದೇ ವಾರದೊಳಗೆ ಯಂತ್ರ ಬಂತು, ಸೂರು ಬೆಂಚು ಎಲ್ಲ ಕಿತ್ತು ಮುಂದಿನ ತಿರುವಿನಲ್ಲಿ ಬಟಾಬಯಲಲ್ಲಿ ಬೋರ್ಡು ಮಾತ್ರ ನೆಟ್ಟು ಹೋದರು. ಸರ್ಕಾರಿ ಕೆಲಸ ಬೇಗ ಆಗುವುದಿಲ್ಲ ಎನ್ನುವವರು ಆ ಚುರುಕನ್ನು ನೋಡಬೇಕಿತ್ತು. ದೊಡ್ಡಕ್ಕ ಮತ್ತೆ ಬೇಲಿಯ ಹೊರಗೆ. ಈ ಸಲ ಕೂರಲೂ ಆಗುತ್ತಿರಲಿಲ್ಲ ಅವಳಿಗೆ, ಬೇಲಿಯ ಸರಳು ಹಿಡಿದು ಬಾಯಿ ತೆರೆದು ಉಸಿರೆಳೆಯುತ್ತ ನಿಲ್ಲುತ್ತಿದ್ದಳು. ಗೇಟಕ್ಕ ಒಳಗಿನಿಂದ ನೀರಿನ ಬಾಟಲಿ ಚಾಚುತ್ತಿದ್ದಳು. ಅವಳ ಗಂಟಲೇ ಹೊರಡುತ್ತಿರಲಿಲ್ಲ ಆ ದಿನಗಳಲ್ಲಿ. ಹೂ ಕಿತ್ತರೂ ಕೂಗುತ್ತಿರಲಿಲ್ಲ.

ಹೀಗಿರುವಾಗ ಊರಿಗೆ ಹಸಿರು ನಗರದ ಪ್ರಶಸ್ತಿ ಕೊಡುವ ತಂಡವೊಂದು ಬರುವುದೆಂದಾಯಿತು. ವಿಸ್ತರಿಸಿದ ಪಾರ್ಕುಗಳನ್ನು ಅವರು ಕಣ್ಣಾರೆ ನೋಡಬೇಕಂತೆ. ಬರುವ ಹೊತ್ತು ನಡುಮಧ್ಯಾಹ್ನ. ಸಾಹೇಬರು ಮುಂಚೆಯೇ ಬಂದು ತಮ್ಮ ಕಾರನ್ನು ಪಾರ್ಕಿನೊಳಗೇ, ಮಳೆಮರದ ದಟ್ಟ ನೆರಳಿನಲ್ಲಿ ನಿಲ್ಲಿಸಿದರು. ಹುಲ್ಲಿಗೆಲ್ಲ ನೀರು ಚಿಮ್ಮಿಸಿದರು. ಎಲ್ಲ ಸರಿಯಾಯಿತು ಎನ್ನುವಾಗ ಅವರಿಗೆ ಒಂದು ಕೊರತೆ ಕಂಡಿತು.

“ಪಾರ್ಕು ಖಾಲಿ ಹೊಡೀತಾ ಇದೆಯಲ್ಲಮ್ಮ. ಜನ ಇರ್ಬೇಕು. ಹೋಗಿ ಯಾರನ್ನಾದ್ರೂ ಕರ್ಕೊಂಡು ಬಾ, ನೋಡೋಕೆ ಅಚ್ಚುಕಟ್ಟಾಗಿರೋರನ್ನ.”

ಗೇಟಕ್ಕ ಗೇಟು ಪೂರ್ತಿ ತೆರೆದಳು. ಎಷ್ಟೋ ದಿನದ ಮೇಲೆ ಆ ಗಂಟಲು ಹೊರಟಿತು. “ಬನ್ರೋ ಎಲ್ಲಾ! ಸಾಹೇಬ್ರು ಕರೀತಿದಾರೆ!” ರಸ್ತೆಯಲ್ಲಿ ಒಣಗುತ್ತಿದ್ದವರೆಲ್ಲ ಒಳಗೆ ನುಗ್ಗಿದರು. ಸಾಹೇಬರು ಬೇಡ ಬೇಡ ಎಂದು ಕೈಯಾಡಿಸುವಷ್ಟರಲ್ಲಿ ಅತಿಥಿಗಳ ವ್ಯಾನು ಬಂದು ನಿಂತಿತು. ನುಂಗಲೂ ಆಗದೆ ಉಗುಳಲೂ ಆಗದೆ ಅವರು ಕೈಮುಗಿಯುತ್ತ ಹೋದರು. ನಾನು ಅಂಗಡಿ ಬಿಟ್ಟು ಬೇಲಿಯ ಹತ್ತಿರ ಬಂದು ನಿಂತೆ.

ತಂಡದಲ್ಲಿ ಹಿರಿಯ ಹೆಂಗಸೊಬ್ಬರಿದ್ದರು. ನೆರಳಲ್ಲಿ ಮಲಗಿದ್ದವರನ್ನು ನೋಡಿ ಅವರ ಮುಖ ಅರಳಿತು. ಎಷ್ಟು ಜನ ಉಪಯೋಗಿಸುತ್ತಾರೆ ನೋಡಿ ಎಂದು ಜೊತೆಯವರಿಗೆ ತೋರಿಸಿದರು. ದೊಡ್ಡಕ್ಕನ ಹತ್ತಿರ ಬಂದು ಬಾಗಿ, “ದಿನಾ ಇಲ್ಲಿಗೆ ಬರ್ತೀರಾ ಅಮ್ಮ?” ಎಂದು ಕೇಳಿದರು.

ದೊಡ್ಡಕ್ಕ ಮಲಗಿದಲ್ಲಿಂದ ಎದ್ದು ಕೂತಳು. “ಇಲ್ಲಮ್ಮ. ಇವತ್ತು ನೀವು ಬಂದ್ರಲ್ಲ, ಅದಕ್ಕೆ ಬಾಗಿಲು ತೆಗೆದಿದಾರೆ. ನೀವು ಹೋದ ತಕ್ಷಣ ನಮ್ಮನ್ನ ಹೊರಗೆ ಹಾಕ್ತಾರೆ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡಿ ತಾಯಿ. ಅಷ್ಟು ಹೊತ್ತು ನಾನು ಮಲಗಿರ್ತೀನಿ.”

ಆ ಹೆಂಗಸಿನ ನಗು ಮಾಯವಾಯಿತು. “ತಮಾಷೆ ಮಾಡ್ತಾರೆ ಮೇಡಂ, ನಮ್ಮ ಜನ ಬಹಳ ತಮಾಷೆ” ಎಂದು ಸಾಹೇಬರು ಅವರನ್ನು ಹೂವಿನ ಮಡಿಗಳ ಕಡೆ ನಡೆಸಿದರು. ಅವರು ಒಂದೆರಡು ಸಲ ತಿರುಗಿ ನೋಡಿದ್ದು ನಿಜ. ಆದರೆ ತಿರುಗಿ ಬರಲಿಲ್ಲ. ಬೇರೆ ಪಾರ್ಕು ನೋಡುವುದಿತ್ತಲ್ಲ. ಬೇಗ ಬೇಗ ಫೋಟೋ ತೆಗೆಸಿಕೊಂಡು ವ್ಯಾನು ಹತ್ತಿದರು.

ಸಾಹೇಬರು ರಸ್ತೆಯ ತನಕ ಬಂದು, ವ್ಯಾನು ಮರೆಯಾಗುವವರೆಗೆ ಕೈಬೀಸಿ, ಗೇಟಿನ ಕಡೆ ತಿರುಗಿದರು. ಅದುಮಿಟ್ಟಿದ್ದ ಸಿಟ್ಟೆಲ್ಲ ಹೊರಬಂತು.

“ಏನು ನೋಡ್ತಾ ನಿಂತಿದೀಯಾ? ಹಾಕು ಗೇಟು!”

“ಈಗ್ಲೇ ಹಾಕ್ಲಾ ಸಾರ್?” ಗೇಟಕ್ಕ ಒಳಗಿನಿಂದ ಕೇಳಿದಳು.

“ಈಗ್ಲೇ! ಹತ್ತರಿಂದ ನಾಲ್ಕು ಅಂತ ಬೋರ್ಡಿರೋದು ಓದೋಕೆ ಬರಲ್ವಾ ನಿಂಗೆ?”

“ಬರತ್ತೆ ಸಾರ್. ನಮ್ಮಕ್ಕ ಓದಿಸಿದಾಳೆ” ಎಂದು ಗೇಟಕ್ಕ ಎರಡೂ ಬಾಗಿಲು ಎಳೆದು, ಸರಪಳಿ ಸುತ್ತಿ, ಬೀಗ ಜಡಿದು, ಬೀಗದ ಕೈಯನ್ನು ಕೊರಳೊಳಗೆ ಇಳಿಬಿಟ್ಟಳು. ಮರದ ಕೆಳಗಿನ ಜನವೆಲ್ಲ ಒಳಗೆ. ಸಾಹೇಬರು ಹೊರಗೆ.

ಅವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಸರಳು ಹಿಡಿದು ಅಲ್ಲಾಡಿಸಿದರು.

“ಏಯ್, ತೆಗಿ! ನನ್ನ ಕಾರು ಒಳಗಿದೆ! ಫೋನೂ ಅದರಲ್ಲೇ ಇದೆ!”

“ಕಾರು ನೆರಳಲ್ಲೇ ಇದೆ ಸಾರ್, ಏನೂ ಯೋಚನೆ ಮಾಡ್ಬೇಡಿ. ನಾಲ್ಕು ಗಂಟೆಗೆ ತೆಗಿತೀನಿ.”

ಬೈದರು, ಬೆದರಿಸಿದರು, ಕೊನೆಗೆ ‘ಅಮ್ಮಾ’ ಎಂದೂ ಕರೆದರು. ಬೇಲಿ ಹತ್ತೋಣವೆಂದರೆ ತಾವೇ ಮೇಲುಸ್ತುವಾರಿ ಮಾಡಿ ಹಾಕಿಸಿದ ಮೊನೆಗಳು. ನೆತ್ತಿಯ ಮೇಲೆ ಸುಡುಬಿಸಿಲು. ನಾನು ಹಚ್ಚಿದ ಬಣ್ಣ ಬೆವರಿನ ಜೊತೆ ಕಿವಿಯ ಹತ್ತಿರ ಇಳಿಯತೊಡಗಿತು. ರಸ್ತೆ ದಾಟಿ ನನ್ನ ಅಂಗಡಿಯ ಕಡೆ ಬಂದರು. ನಾನು ಅವರಿಗಿಂತ ಮುಂಚೆ ಬಂದು ಶಟರು ಎಳೆಯುತ್ತಿದ್ದೆ.

“ಊಟದ ಹೊತ್ತು ಸಾರ್” ಎಂದೆ. “ನಾಲ್ಕಕ್ಕೆ ಬನ್ನಿ.”

ನಾಲ್ಕಕ್ಕೆ ಸರಿಯಾಗಿ ಗೇಟಕ್ಕ ಬೀಗ ತೆಗೆದಳು. “ಬನ್ನಿ ಸಾರ್, ಪಾರ್ಕ್ ತೆಗೆದಿದೆ” ಎಂದು ಪಕ್ಕಕ್ಕೆ ಸರಿದು ನಿಂತಳು. ದೊಡ್ಡಕ್ಕ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿ ಎದ್ದು, ಕೋಟು ಕೊಡವಿ ಹಾಕಿಕೊಂಡು, ಸಂಜೆಯ ಸುತ್ತಿಗೆ ಪೊರಕೆ ಹಿಡಿದು ಹೊರಟಳು.

ಗೇಟಕ್ಕನ ಕೊರಳಿನ ಬೀಗದ ಕೈಯನ್ನು ಮರುದಿನವೇ ಬಿಚ್ಚಿಸಿಕೊಂಡರು. ಈಗ ಅವಳೂ ಅಕ್ಕನ ಜೊತೆ ರಸ್ತೆ ಗುಡಿಸುತ್ತಾಳೆ. ಊರಿಗೆ ಪ್ರಶಸ್ತಿಯೂ ಬಂತು! ಎಲ್ಲ ಕೇಳಿಸಿಕೊಂಡು, ಎಲ್ಲ ನೋಡಿಕೊಂಡು ಹೋಗಿಯೂ ಕೊಟ್ಟರು. ಅದನ್ನು ಸಾರುವ ದೊಡ್ಡ ತಗಡಿನ ಬೋರ್ಡನ್ನು ಪಾರ್ಕಿನ ಬೇಲಿಗೆ, ಗೇಟಿನ ಪಕ್ಕದಲ್ಲೇ ಬಿಗಿದಿದ್ದಾರೆ. ಪಾರ್ಕು ಈಗಲೂ ಹತ್ತರಿಂದ ನಾಲ್ಕರವರೆಗೆ ಬಂದ್.

ಬಿಸಿಲು ಏರಿದಾಗ ಆ ಬೋರ್ಡಿನ ಕೆಳಗೆ, ರಸ್ತೆಯ ಅಂಚಿಗೆ, ಇಬ್ಬರು ಒತ್ತಿಕೊಂಡು ಕೂರುವಷ್ಟು ನೆರಳು ಬೀಳುತ್ತದೆ. ಅಕ್ಕತಂಗಿಯರು ಅಲ್ಲಿ ಡಬ್ಬಿ ಬಿಚ್ಚುತ್ತಾರೆ. ನಿನ್ನೆಯೂ ಹೋಗಿ ಕೈಹಿಡಿದು ಎಳೆದೆ, ಧೂಳು ಬಂದರೆ ಬರಲಿ, ನನ್ನ ಅಂಗಡಿಯ ಫ್ಯಾನಿನ ಕೆಳಗೆ ಬನ್ನಿ ಎಂದು ಜಗಳವಾಡಿದೆ.

ದೊಡ್ಡಕ್ಕ ಉಸಿರು ಸುಧಾರಿಸಿಕೊಂಡು ಹೇಳಿದಳು: “ಇರ್ಲಿ ಬಿಡಣ್ಣ. ನಮ್ಮ ಪಾರ್ಕಿನ ನೆರಳು ಇಷ್ಟಾದ್ರೂ ಹೊರಗೆ ಬಂತಲ್ಲ.”